ಜಿಲ್ಲೆಗೆಲ್ಲ ಒಂದೇ ಬಣ್ಣ ಏಕೆ?

(ಸಿಂಧನೂರು ತಾಲ್ಲೂಕಿನ ಓದುಗರೊಬ್ಬರ ಪತ್ರದ ಸಾರ: ‘ಏಪ್ರಿಲ್‌ನಲ್ಲೊಂದು ದಿನ ಇಡೀ ಜಿಲ್ಲೆಗೆ ಹಳದಿ ಎಚ್ಚರಿಕೆ ಇತ್ತು. ನಮ್ಮೂರಿನಲ್ಲಿ ಹನಿಯೂ ಬೀಳಲಿಲ್ಲ. ಎರಡು ಹರದಾರಿ ಆಚೆ ಆಲಿಕಲ್ಲು ಬಿದ್ದು ಕೊಯ್ಲಿಗೆ ಬಂದ ಭತ್ತವೆಲ್ಲ ಉದುರಿತು. ಊರಿನ ಹೆಸರು ಹಿಡಿದು ಹೇಳಲಾಗದ ಮುನ್ಸೂಚನೆಯನ್ನು ನೀವೇಕೆ ಅಚ್ಚು ಹಾಕುತ್ತೀರಿ?’)

ಮಾನ್ಯರೇ,

ತಮ್ಮ ಪ್ರಶ್ನೆ ನಮ್ಮನ್ನೇ ಕುರಿತದ್ದಾದ್ದರಿಂದ ಮೊದಲು ನಮ್ಮ ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ಗುಡುಗುಮಳೆಯ ಮುನ್ಸೂಚನೆಗೆ ವಾರಪತ್ರಿಕೆಯಲ್ಲಿ ಜಾಗವಿಲ್ಲ. ತಮ್ಮ ಕೈಸೇರುವಷ್ಟರಲ್ಲಿ ಅದು ಹಳಸಿರುತ್ತದೆ. ಬಿಸಿಗಾಳಿಯ ಮುನ್ಸೂಚನೆಯ ಮಾತು ಬೇರೆ. ಬೇಸಿಗೆಯ ಈ ಎರಡು ಅಪಾಯಗಳನ್ನು ಒಂದೇ ಪುಟದಲ್ಲಿ, ಒಂದೇ ಬಗೆಯ ಬಣ್ಣಗಳಲ್ಲಿ ತೋರಿಸಿ ಗೊಂದಲ ಹುಟ್ಟಿಸಿದವರು ನಾವು.

ಗುಡುಗಿನ ಮೋಡ ಕೆಲವೇ ಕಿಲೋಮೀಟರ್ ಅಗಲದ್ದಿರಬಹುದು. ಹುಟ್ಟಿ, ಸುರಿದು, ಕರಗಲು ಒಂದೆರಡು ಗಂಟೆ ಸಾಕು. ಹವಾಮಾನ ಇಲಾಖೆ 2025ರ ಮೇ ತಿಂಗಳಲ್ಲಿ ಬಳಕೆಗೆ ತಂದ ಭಾರತ್ ಮುನ್ಸೂಚನಾ ವ್ಯವಸ್ಥೆ ನೆಲವನ್ನು ಸುಮಾರು 6 ಕಿ.ಮೀ. ಅಂತರದ ಚೌಕಗಳಾಗಿ ವಿಂಗಡಿಸಿ ಲೆಕ್ಕ ಹಾಕುತ್ತದೆ. ಹಿಂದಿನ ಲೆಕ್ಕ 12 ಕಿ.ಮೀ.ಗಳದ್ದಾಗಿತ್ತು. ದೊಡ್ಡ ಸುಧಾರಣೆಯೇ ಸರಿ, ಆದರೂ ಆಲಿಕಲ್ಲನ್ನು ಮೇಲಕ್ಕೆತ್ತಿ ಹಿಡಿಯುವ ಗಾಳಿಯ ಕಂಬ ಆ ಚೌಕಕ್ಕಿಂತ ಕಿರಿದಾಗಿರಬಲ್ಲದು, ಮತ್ತು ಬಲೆಯ ಕಣ್ಣಿಗಿಂತ ಚಿಕ್ಕ ಮೀನು ಬಲೆಗೆ ಬೀಳುವುದಿಲ್ಲ. ನೆಲ ಕಾದಿದೆ, ಸಮುದ್ರದ ಕಡೆಯಿಂದ ತೇವ ಬಂದಿದೆ, ಒಳನಾಡಿನ ಮೇಲೆ ಗಾಳಿಗಳು ಸಂಧಿಸುತ್ತಿವೆ, ಆದ್ದರಿಂದ ಈ ಜಿಲ್ಲೆಯಲ್ಲಿ ಎಲ್ಲಿಯಾದರೂ ಮೋಡ ಸಿಡಿಯಬಹುದು ಎಂಬಷ್ಟನ್ನು ಮಾತ್ರ ಹಿಂದಿನ ದಿನವೇ ಹೇಳಲು ಸಾಧ್ಯ. ಹಳದಿಯೆಂದರೆ ಗಮನವಿಡಿ ಎಂದು; ಕಿತ್ತಳೆ ಸಿದ್ಧರಾಗಿ ಎನ್ನುತ್ತದೆ, ಕೆಂಪು ಕೂಡಲೇ ಕ್ರಮ ಕೈಗೊಳ್ಳಿ ಎನ್ನುತ್ತದೆ. ಆ ಲೆಕ್ಕದಲ್ಲಿ ತಾವು ಹೇಳಿದ ದಿನದ ಹಳದಿ ಸುಳ್ಳಾಗಲಿಲ್ಲ, ಭತ್ತ ಕಳೆದುಕೊಂಡ ರೈತರಿಗೆ ಇದರಿಂದ ಸಮಾಧಾನವಾಗದು ಎಂಬುದು ಗೊತ್ತಿದ್ದೂ ಹೇಳುತ್ತಿದ್ದೇನೆ. ಊರಿನ ಮಟ್ಟದ ಮಾತು ಬೇಕಾದರೆ ಮೋಡ ಹುಟ್ಟಿದ ಮೇಲೆ, ರೇಡಾರ್ ನೋಡಿ, ಮುಂದಿನ ಮೂರು ಗಂಟೆಗಳಿಗೆಂದು ಕೊಡುವ ತಕ್ಷಣದ ಮುನ್ಸೂಚನೆಯನ್ನೇ ಕಾಯಬೇಕು.

ಬಿಸಿಗಾಳಿಯ ಸ್ವಭಾವ ಇದಕ್ಕೆ ತದ್ವಿರುದ್ಧ. ಎತ್ತರದಿಂದ ಕೆಳಗಿಳಿಯುವ ಗಾಳಿ ಒತ್ತಡಕ್ಕೆ ಸಿಕ್ಕಿ ಬಿಸಿಯಾಗುತ್ತದೆ, ಮೋಡ ಕಟ್ಟಲು ಬಿಡುವುದಿಲ್ಲ, ವಾಯವ್ಯದ ಒಣಗಾಳಿ ಜೊತೆಗೂಡಿದರೆ ರಾಜಸ್ಥಾನದಿಂದ ವಿದರ್ಭ, ತೆಲಂಗಾಣದವರೆಗೆ ದಿನಗಟ್ಟಲೆ ಕದಲದೆ ಕೂರುತ್ತದೆ. ಇಷ್ಟು ದೊಡ್ಡದೂ ನಿಧಾನದ್ದೂ ಆದ ಸಂಗತಿಯನ್ನು ನಾಲ್ಕೈದು ದಿನ ಮುಂಚಿತವಾಗಿ ಹೇಳಬಹುದು. ನನ್ನ ತಕರಾರು ಇರುವುದು ಅದನ್ನು ಅಳೆಯುವ ಮಾನದಂಡದ ಮೇಲೆ. ಬಿಸಿಗಾಳಿ ಎನಿಸಿಕೊಳ್ಳಲು ಬಯಲುಸೀಮೆಯಲ್ಲಿ ಗರಿಷ್ಠ ಉಷ್ಣಾಂಶ 40 ಡಿಗ್ರಿ ಮುಟ್ಟಿರಬೇಕು, ವಾಡಿಕೆಗಿಂತ ಕನಿಷ್ಠ 4.5 ಡಿಗ್ರಿ ಹೆಚ್ಚಿರಬೇಕು. 45 ಮುಟ್ಟಿದರೆ ವಾಡಿಕೆಯ ಹೋಲಿಕೆ ಬೇಕಿಲ್ಲ. ಕರಾವಳಿಗೆ 40ರ ಬದಲು 37, ಗುಡ್ಡಗಾಡಿಗೆ 30. ಅದೂ ಒಂದು ಹವಾಮಾನ ಉಪವಿಭಾಗದ, ಅಂದರೆ ಇಲಾಖೆ ತನ್ನ ಲೆಕ್ಕಕ್ಕೆಂದು ಗುರುತಿಸಿಕೊಂಡ ಪ್ರದೇಶದ, ಎರಡು ಕೇಂದ್ರಗಳಲ್ಲಾದರೂ ಸತತ ಎರಡು ದಿನ ಹಾಗಿದ್ದರೆ ಎರಡನೆಯ ದಿನ ಘೋಷಣೆ. ಇಡೀ ದೇಶಕ್ಕೆ ಇಂಥ ಉಪವಿಭಾಗಗಳು 36, ಕರ್ನಾಟಕದ ಪಾಲಿಗೆ ಮೂರು. ಬೆಂಗಳೂರು ನಗರ ಕೇಂದ್ರದ ಸಾರ್ವಕಾಲಿಕ ದಾಖಲೆ 2016ರ ಏಪ್ರಿಲ್‌ನ 39.2 ಡಿಗ್ರಿ, ಎಂದಮೇಲೆ ತಗಡಿನ ಸೂರಿನ ಕೆಳಗೆ ನಿದ್ದೆಗೆಟ್ಟವರು ಅಲ್ಲಿ ಎಷ್ಟೇ ಜನರಿದ್ದರೂ ಬಯಲುಸೀಮೆಯ ಆ ಮೊದಲ ಮೆಟ್ಟಿಲನ್ನು ಆ ಕೇಂದ್ರ ಇನ್ನೂ ಹತ್ತಿಲ್ಲ.

ಹವಾಮಾನ ಕೇಂದ್ರದ ಅಂಗಳದಲ್ಲಿ ಜಾಲರಿಹಲಗೆಯ ಒಂದು ಬಿಳಿ ಪೆಟ್ಟಿಗೆ ಇರುತ್ತದೆ. ಅದರೊಳಗಿನ ಉಷ್ಣಮಾಪಕಗಳಲ್ಲಿ ಒಂದರ ಬುಡಕ್ಕೆ ತೆಳು ಬಟ್ಟೆ ಸುತ್ತಿ, ಬತ್ತಿಯೊಂದರ ಮೂಲಕ ಸದಾ ನೀರು ಕುಡಿಸುತ್ತಾರೆ. ಬೆವರಿದ ಮೈ ಎಷ್ಟು ತಣಿಯಬಲ್ಲದು ಎಂಬುದನ್ನು ಹೇಳುವುದು ಆ ಒದ್ದೆ ಬಟ್ಟೆಯ ಅಂಕಿ. ತೇವ ತುಂಬಿದ ಗಾಳಿಯಲ್ಲಿ ಬೆವರು ಬೇಗ ಆರದು; ಮಂಗಳೂರಿನ 36 ಡಿಗ್ರಿ ರಾಯಚೂರಿನ 41ಕ್ಕಿಂತ ಅಸಹನೀಯವಾಗಬಹುದಾದದ್ದು ಅದರಿಂದಲೇ. ಪತ್ರಿಕೆಗಳು, ನಾವೂ ಸೇರಿ, ಅಚ್ಚು ಹಾಕುವುದು ಮಾತ್ರ ದಾಖಲೆ ಮುರಿಯುವ ಗರಿಷ್ಠಗಳನ್ನು. 2024ರ ಮೇ 29ರಂದು ದೆಹಲಿಯ ಮುಂಗೇಶ್‌ಪುರದ 52.9 ಡಿಗ್ರಿಯ ಸುದ್ದಿ ದೇಶವೆಲ್ಲ ಸುತ್ತಿತು. ಅಲ್ಲಿನ ಸಂವೇದಕ 3 ಡಿಗ್ರಿ ಹೆಚ್ಚು ತೋರಿಸುತ್ತಿತ್ತೆಂದು ಇಲಾಖೆ ಪರಿಶೀಲಿಸಿ ತಿಳಿಸಿದ್ದು ಅಷ್ಟು ದೂರ ಹೋಗಲಿಲ್ಲ.

ಮುನ್ಸೂಚನೆ ಬಂದಮೇಲೆ ಯಾರು ಏನು ಮಾಡಬೇಕೆಂದು ಮೊದಲೇ ಬರೆದಿಟ್ಟಿರಬೇಕು. 2010ರ ಮೇ ತಿಂಗಳ ಬಿಸಿಗಾಳಿಯಲ್ಲಿ ಸಾವಿರಕ್ಕೂ ಹೆಚ್ಚು ಅಧಿಕ ಸಾವುಗಳನ್ನು ಕಂಡ ಅಹಮದಾಬಾದ್ 2013ರಲ್ಲಿ ಅಂಥ ಯೋಜನೆಯನ್ನು ರೂಪಿಸಿತು. ಆಸ್ಪತ್ರೆ, ಕುಡಿಯುವ ನೀರು, ಕೂಲಿಯವರ ಮಧ್ಯಾಹ್ನದ ವಿರಾಮ ಎಲ್ಲವೂ ಅದರ ವ್ಯಾಪ್ತಿಗೆ ಬಂದವು.

ಮುಂದಿನ ಸಂಚಿಕೆಯಿಂದ ಗುಡುಗುಮಳೆಯ ನಕ್ಷೆ ನಮ್ಮಲ್ಲಿ ಇರುವುದಿಲ್ಲ. ಆ ಜಾಗದಲ್ಲಿ, ಸುತ್ತಮುತ್ತ ಬೀಳುತ್ತಿರುವ ಸಿಡಿಲನ್ನು ತೋರಿಸುವ ‘ದಾಮಿನಿ’ ಆ್ಯಪ್‌ನ ಬಳಕೆಯನ್ನು ಒಮ್ಮೆ ವಿವರವಾಗಿ ಬರೆಯುತ್ತೇವೆ. ಬಿಸಿಲಿನ ಪಟ್ಟಿ ಮುಂದುವರಿಯುತ್ತದೆ. ಗರಿಷ್ಠದ ಪಕ್ಕದಲ್ಲಿ ರಾತ್ರಿಯ ಕನಿಷ್ಠವೂ ತೇವಾಂಶವೂ ಇರುತ್ತವೆ.

– ಸಂ.