ಚಟ್ನಿಯ ತಮಾಷೆ ಹೆಸರಿಗೆ ಅಂಟಿಕೊಂಡಾಗ

(ಹೆಸರು, ಊರು, ಕೆಲಸದ ವಿವರಗಳನ್ನು ಬದಲಿಸಲಾಗಿದೆ. ಅವರ ಒಪ್ಪಿಗೆ ಪಡೆದೇ ಬರೆದಿದ್ದೇನೆ.)

"ಮೇಡಂ, ನಂಗೆ ತಮಾಷೆ ಅರ್ಥ ಆಗಲ್ವಂತೆ. ಅದನ್ನ ಬೆಳೆಸ್ಕೊಳ್ಳೋದು ಹೇಗೆ?"

ಸುರೇಶ ಎಂದು ಕರೆಯೋಣ. ಇಪ್ಪತ್ತೇಳರ ಹುಡುಗ, ಊರು ಹೊಸನಗರದ ಕಡೆ, ಬೆಂಗಳೂರಿನ ಒಂದು ಕಸ್ಟಮರ್ ಸಪೋರ್ಟ್ ಕಂಪನಿಯಲ್ಲಿ ಕೆಲಸ. ಮಧ್ಯಾಹ್ನ ಊಟದ ಹೊತ್ತಾದರೆ ಹೊಟ್ಟೆ ತೊಳಸುತ್ತಿತ್ತು, ಭಾನುವಾರ ರಾತ್ರಿ ನಿದ್ದೆ ಹತ್ತುತ್ತಿರಲಿಲ್ಲ. ಗ್ಯಾಸ್ಟ್ರಿಕ್ ಇರಬೇಕೆಂದು ಮಾತ್ರೆ ನುಂಗಿದ್ದಾಯಿತು, ಪರೀಕ್ಷೆ ಮಾಡಿಸಿದ್ದಾಯಿತು. ಹೊಟ್ಟೆಯಲ್ಲಿ ಏನೂ ದೋಷ ಕಾಣದೆ ವೈದ್ಯರೇ ಆಪ್ತಸಮಾಲೋಚಕಿಯಾದ ನನ್ನ ಹತ್ತಿರ ಕಳಿಸಿದ್ದರು.

ಕಥೆ ಶುರುವಾಗಿದ್ದು ಊಟದ ಮೇಜಿನಲ್ಲಿ, ಅದೂ ಸುರೇಶನಿಂದಲೇ. ಅವರದು ಆರೇಳು ಜನರ ಗುಂಪು. ಡಬ್ಬಿ ಬಿಚ್ಚಿದರೆ ಒಬ್ಬರನ್ನೊಬ್ಬರು ಕಾಲೆಳೆಯದೆ ಊಟ ಇಳಿಯುತ್ತಿರಲಿಲ್ಲ. ಧಾರವಾಡದವನ ಗುರೆಳ್ಳು ಚಟ್ನಿಪುಡಿ 'ಕಪ್ಪು ಸಿಮೆಂಟು', ಪುತ್ತೂರಿನವಳ ಉಪ್ಪುಸೊಳೆ (ಉಪ್ಪಿನಲ್ಲಿಟ್ಟ ಹಲಸಿನ ತೊಳೆ) ಪಲ್ಯ ಬಂದ ದಿನ ಎಲ್ಲರೂ ಮೂಗು ಮುಚ್ಚುವುದು, ಮಂಡ್ಯದವನು ಬೋಟಿ ಗೊಜ್ಜನ್ನು ಹೊಗಳಿದರೆ ಸಸ್ಯಾಹಾರಿಗಳು ಕುರ್ಚಿ ಹಿಂದೆ ಸರಿಸುವುದು. ಒಂದು ದಿನ ಪಂದ್ಯಕ್ಕೆ ಬಿದ್ದವರಂತೆ "ನಮ್ಮೂರಲ್ಲಿ ಇರುವೆ ಚಟ್ನಿ ಮಾಡ್ತಾರೆ ಗೊತ್ತಾ?" ಎಂದರು ಸುರೇಶ. ಮೇಜು ನಗೆಯಲ್ಲಿ ಮುಳುಗಿತು. ಅವರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಹೇಗೆ ಮಾಡುತ್ತಾರೆಂದು ನಾನು ಕೇಳಿದೆ. ಅಲ್ಲಿಯವರೆಗೆ ನೆಲ ನೋಡುತ್ತಿದ್ದವರು ನೆಟ್ಟಗೆ ಕೂತರು. ಚಗಳಿ ಎಂಬ ಕೆಂಪಿರುವೆ ಮಾವಿನ ಮರದಲ್ಲಿ ಎಲೆಗಳನ್ನು ಹೆಣೆದು ಗೂಡು ಕಟ್ಟುತ್ತದೆ. ಕಚ್ಚಿಸಿಕೊಳ್ಳದೆ ಗೂಡನ್ನು ಕೊಂಬೆ ಸಮೇತ ಇಳಿಸುವುದೇ ದೊಡ್ಡ ಕೆಲಸ. ಆಮೇಲೆ ಕೊಡವಿ, ಬಾಣಲೆಯಲ್ಲಿ ಹುರಿದು, ಕಾಯಿತುರಿ, ಹಸಿಮೆಣಸು, ಬೆಳ್ಳುಳ್ಳಿ, ಉಪ್ಪು ಹಾಕಿ ಅರೆಯಬೇಕು. ಹುಣಸೆಹಣ್ಣು ಬೇಕಿಲ್ಲ, ಇರುವೆಯ ಆಮ್ಲವೇ ಹುಳಿ ಕೊಡುತ್ತದೆ. "ಅಕ್ಕಿರೊಟ್ಟಿಗೆ ಹಚ್ಕೊಂಡ್ರೆ ನೆಗಡಿ ಗಿಗಡಿ ಎಲ್ಲ ಓಡೋಗುತ್ತೆ ಅಂತಾರೆ ಅಮ್ಮ" ಎಂದರು. ಆ ಐದು ನಿಮಿಷ ನನ್ನೆದುರು ಕೂತಿದ್ದವರು ಬೇರೆಯೇ ವ್ಯಕ್ತಿ.

ಮೊದಲ ವಾರದ ನಗೆ ಚಟ್ನಿಯ ಮೇಲಿತ್ತು. ನಂತರ ಗೆಳೆಯನೊಬ್ಬ ಅವರನ್ನೇ 'ಚಗಳಿ' ಎಂದು ಕರೆಯತೊಡಗಿದ. ವಾಟ್ಸ್ಆ್ಯಪ್ ಗುಂಪಿನಲ್ಲಿ ಅವರ ಮುಖಕ್ಕೆ ಇರುವೆಯ ಮೀಸೆ ಅಂಟಿಸಿದ ಸ್ಟಿಕ್ಕರ್ ಬಂತು. ಹೊಸದಾಗಿ ಸೇರಿದವರಿಗೆ "ಇವ್ರು ಕಾಡಿಂದ ಬಂದೋರು, ಹುಷಾರು" ಎಂದು ಪರಿಚಯಿಸುವುದು ವಾಡಿಕೆಯಾಯಿತು. ಕೊನೆಗೆ ಶಿಫ್ಟ್ ಪಟ್ಟಿಯ ಎಕ್ಸೆಲ್‌ನಲ್ಲೂ ಸುರೇಶ ಇರಬೇಕಾದ ಸಾಲಿನಲ್ಲಿ 'ಚಗಳಿ' ಕೂತಿತು. ಅವರು ನಗುತ್ತಲೇ ಇದ್ದರು. ಮನೆಯಿಂದ ಡಬ್ಬಿ ತರುವುದನ್ನು ಬಿಟ್ಟು, ಹೊರಗೆ ನಿಂತು ಎಗ್ ರೈಸ್ ತಿನ್ನತೊಡಗಿದರು. ಅಮ್ಮ ಊರಿನ ಬಸ್ಸಿನಲ್ಲಿ ಕಳಿಸಿದ್ದ ಚಟ್ನಿ ಬಾಟಲಿಯನ್ನು ಬಸ್‌ಸ್ಟ್ಯಾಂಡಿನ ಕಸದಬುಟ್ಟಿಗೆ ಹಾಕಿ, ಫೋನಿನಲ್ಲಿ "ಎರಡೇ ದಿನಕ್ಕೆ ಖಾಲಿ ಆಯ್ತಮ್ಮ" ಎಂದರಂತೆ. ಇಷ್ಟು ಹೇಳಿ ಸುಮಾರು ಹೊತ್ತು ಮಾತಾಡಲಿಲ್ಲ.

ಹಾಗಾಗಿ ಅವರ ಮೊದಲ ಪ್ರಶ್ನೆಯನ್ನು ಅಲ್ಲೇ ಬದಿಗಿಟ್ಟೆವು. ಇರುವೆ ಚಟ್ನಿಯ ಮಾತೆತ್ತಿ ಮೇಜನ್ನೇ ನಗಿಸಿದವರಿಗೆ ತಮಾಷೆ ಕಲಿಸುವ ಅಗತ್ಯವಿರಲಿಲ್ಲ. ಗುರೆಳ್ಳಿನವನಿಗೆ, ಬೋಟಿಯವನಿಗೆ ಯಾಕೆ ನೋವಾಗಲಿಲ್ಲ ಎಂದು ಕೇಳಿದಾಗ, ಯೋಚಿಸಿ ಅವರೇ ಉತ್ತರ ಕೊಟ್ಟರು: "ಅವ್ರ ಸರದಿ ಮುಗೀತಿತ್ತು ಮೇಡಂ. ನಂದು ಮುಗೀಲೇ ಇಲ್ಲ." ಕಚೇರಿಯ ಹರಟೆಯ ಬಗ್ಗೆ ನನ್ನ ಹತ್ತಿರ ಬರುವ ಬಹುಪಾಲು ದೂರಿನ ಬೇರು ಇಲ್ಲೇ ಇರುತ್ತದೆ. ಸರದಿ ಸುತ್ತುತ್ತಿದ್ದರೆ ಅದು ಗೆಳೆತನದ ಮಾತು. ಒಬ್ಬನ ಹತ್ತಿರವೇ ನಿಂತುಬಿಟ್ಟರೆ ಆತನಿಗೆ ದಿನವೂ ಶಿಕ್ಷೆ.

ಎರಡನೇ ಭೇಟಿಗೆ ಅವರು ಭರ್ಜರಿ ತಯಾರಿ ಮಾಡಿಕೊಂಡು ಬಂದಿದ್ದರು. ಒಡಿಶಾದ ಮಯೂರ್‌ಭಂಜ್ ಜಿಲ್ಲೆಯ ಸಿಮಿಲಿಪಾಲ್ 'ಕಾಯಿ' ಚಟ್ನಿಗೆ, ತೆಂಗಿನಕಾಯಿಯದ್ದಲ್ಲ, ಅದೂ ಇದೇ ಕೆಂಪಿರುವೆಯದ್ದು, 2024ರ ಜನವರಿಯಲ್ಲಿ ಜಿಐ (ಊರಿನ ವಿಶೇಷ ಉತ್ಪನ್ನಕ್ಕೆ ಕೊಡುವ ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿದೆ. ಛತ್ತೀಸ್‌ಗಢದ ಬಸ್ತರ್‌ನಲ್ಲೂ ಇದನ್ನು ತಿನ್ನುತ್ತಾರೆ. ಈ ಸುದ್ದಿಯನ್ನೆಲ್ಲ ಗುಂಪಿಗೆ ಹಾಕಿ ಎಲ್ಲರ ಬಾಯಿ ಮುಚ್ಚಿಸುವುದು ಅವರ ಲೆಕ್ಕ. ಬೇಡ ಎಂದೆ. ಅಮ್ಮ ಮಾಡುವ ಚಟ್ನಿಗೆ ಯಾರ ಮೊಹರೂ ಬೇಕಿಲ್ಲ. ಮೇಲಾಗಿ, ವಾದಕ್ಕಿಳಿದರೆ ಮಾತು ಮತ್ತೆ ಚಟ್ನಿಗೇ ಹೋಗಿ ಕೂರುತ್ತದೆ, ಅವರ ಹೆಸರಿಗೆ ಬರುವುದೇ ಇಲ್ಲ.

ನಾನು ಹೇಳಿದ್ದು ಇಷ್ಟು. ಗುಂಪಿನಲ್ಲಿ ಮಾತೆತ್ತಬೇಡಿ. ಅಡ್ಡಹೆಸರು ಶುರುಮಾಡಿದ ಗೆಳೆಯನನ್ನು ಒಬ್ಬನನ್ನೇ ಟೀ ಅಂಗಡಿಗೆ ಕರೆದುಕೊಂಡು ಹೋಗಿ. ಹೇಳಬೇಕಾದ್ದನ್ನು ಎರಡೇ ವಾಕ್ಯದಲ್ಲಿ ಹೇಳಿ, ಅಳುದನಿ ಬೇಡ, ಸಿಟ್ಟೂ ಬೇಡ. ಮಾತನ್ನು ಅವರ ಬಾಯಿಗೆ ಒಗ್ಗುವ ಹಾಗೆ ಇಬ್ಬರೂ ಕೂತು ಹೊಂದಿಸಿದೆವು: "ಮಗಾ, ಚಟ್ನಿ ಬಗ್ಗೆ ಎಷ್ಟ್ ಬೇಕಾದ್ರೂ ಆಡ್ಕೋ. ಆದ್ರೆ ನನ್ನನ್ನ ಚಗಳಿ ಅಂತ ಕರೀಬೇಡ, ಶೀಟಲ್ಲಿ ನನ್ನ ಹೆಸ್ರು ಹಾಕ್ಸು." ನಾಲ್ಕೈದು ಸಲ ನನ್ನೆದುರೇ ಹೇಳಿಸಿದೆ. ಮೊದಲ ಸಲ ಕೊನೆಗೆ "ತಪ್ಪು ತಿಳ್ಕೋಬೇಡ" ಸೇರಿಕೊಂಡಿತ್ತು. ಅದನ್ನು ತೆಗೆಸಿದೆ.

ಇನ್ನೊಂದು, ಇದೇ ಕಷ್ಟದ್ದು: ಆ ಹೆಸರು ಕೇಳಿದಾಗ ನಗಬೇಡಿ. ಮುಖ ಸಿಂಡರಿಸುವುದೂ ಬೇಡ, ಸುಮ್ಮನೆ ಕೆಲಸ ಮುಂದುವರಿಸಿ. ವರ್ಷಗಟ್ಟಲೆ ನಕ್ಕು ಒಂದು ದಿನ ಏಕಾಏಕಿ ಕೂಗಾಡಿದರೆ "ಇವನಿಗೇನಾಯ್ತು" ಎನ್ನುತ್ತಾರೆಯೇ ಹೊರತು ಕಾರಣ ಹುಡುಕುವುದಿಲ್ಲ.

ಸುಧಾರಿಸದಿದ್ದರೆ? ಬರೀ ಗೇಲಿಗೆಂದೇ ನಮ್ಮಲ್ಲಿ ಪ್ರತ್ಯೇಕ ಕಾನೂನಿಲ್ಲ. 2013ರ ಕಾಯ್ದೆ ಕೆಲಸದ ಜಾಗದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳದ್ದು. ಪರಿಶಿಷ್ಟ ಜಾತಿ, ಪಂಗಡದವರನ್ನು ಸಾರ್ವಜನಿಕವಾಗಿ ಜಾತಿ ಹಿಡಿದು ನಿಂದಿಸಿದರೆ 1989ರ ದೌರ್ಜನ್ಯ ತಡೆ ಕಾಯ್ದೆ ಇದೆ. ಇವರ ವಿಷಯಕ್ಕೆ ಎರಡೂ ಅನ್ವಯಿಸುತ್ತಿರಲಿಲ್ಲ. ಆದ್ದರಿಂದ ಸ್ಟಿಕ್ಕರ್, ಪಟ್ಟಿಯ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಮ್ಯಾನೇಜರಿಗೆ ಇಮೇಲ್ ಮಾಡಿ, ಬಾಯಿಮಾತಲ್ಲಿ ಬಿಡಬೇಡಿ ಎಂದೆ. ರಾತ್ರಿ ಮನಸ್ಸು ತೀರಾ ಕುಸಿದರೆ ಕರೆ ಮಾಡಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನೂ ಬರೆದುಕೊಟ್ಟೆ. ಕನ್ನಡದಲ್ಲೇ ಮಾತಾಡಬಹುದು.

ಮಾತಿನ ನಡುವೆ ಮತ್ತೊಂದು ಸಂಗತಿ ಹೊರಬಿತ್ತು. ಅವರ ಗುಂಪಿನಲ್ಲಿ ಮಣಿಪುರದ ಹುಡುಗಿಯೊಬ್ಬಳು ಇದ್ದಳು. ಹುದುಗಿಸಿದ ಮೀನು 'ಙಾರಿ' ಹಾಕಿದ ಎರೊಂಬಾ ಎಂಬ ತನ್ನೂರಿನ ಅಡುಗೆ ತಂದ ದಿನ ಕಿಟಕಿ ತೆಗೆಯಿರಿ ಎಂದು ಎಲ್ಲರಿಗಿಂತ ಜೋರಾಗಿ ಕೂಗಿದವರು ಸುರೇಶರೇ. ಅವಳೂ ನಕ್ಕಿದ್ದಳು. "ಅವಳು ನಿಜವಾಗ್ಲೂ ನಕ್ಕಿದ್ಲಾ?" ಎಂದು ಈಗ ಅವರಿಗೇ ಅನುಮಾನ. ಹೋಗಿ ಉದ್ದುದ್ದ ಕ್ಷಮೆ ಕೇಳುತ್ತೇನೆ ಎಂದರು. ಅದರಿಂದ ಅವಳಿಗೆ ಇನ್ನಷ್ಟು ಮುಜುಗರ. ಇನ್ನೊಮ್ಮೆ ಅವಳ ಡಬ್ಬಿಗೆ ಯಾರಾದರೂ ಮೂಗು ಮುರಿದರೆ "ಸ್ವಲ್ಪ ಹಾಕಮ್ಮ, ನೋಡೋಣ" ಎಂದು ತಟ್ಟೆ ಚಾಚಿ, ಸಾಕು ಎಂದೆ.

ಟೀ ಅಂಗಡಿಯ ಮಾತುಕತೆ ಸಿನಿಮಾದ ಹಾಗೇನೂ ನಡೆಯಲಿಲ್ಲ. ಗೆಳೆಯ "ಅಷ್ಟಕ್ಕೆಲ್ಲ ಫೀಲ್ ಆದ್ಯಾ?" ಎಂದು ಮಾತು ಹಾರಿಸಿದ. ಆದರೆ ಮಾರನೇ ವಾರದ ಪಟ್ಟಿಯಲ್ಲಿ ಸುರೇಶ ಎಂದೇ ಇತ್ತು. ಇನ್ನೊಬ್ಬ ಮಾತ್ರ ಈಗಲೂ ಹಳೇ ಹೆಸರಲ್ಲೇ ಕರೆಯುತ್ತಾನೆ. ಅವನಿಗೆ ಇವರು ಓಗೊಡುವುದಿಲ್ಲ. ಹೊಟ್ಟೆ ತೊಳಸುವುದು ಕಡಿಮೆಯಾಗಿದೆ, ಭಾನುವಾರದ ನಿದ್ದೆ ಇನ್ನೂ ಪೂರ್ತಿ ಹಳಿಗೆ ಬಂದಿಲ್ಲ. ಕೆಲಸ ಬಿಡುವ ಯೋಚನೆ ಇದ್ದೇ ಇದೆ. ಆದರೆ ಈಗ ಅದಕ್ಕೆ ಅವರು ಕೊಡುವ ಕಾರಣ ಸಂಬಳ. ಮುಂದಿನ ಭೇಟಿಯನ್ನು ಇನ್‌ಕ್ರಿಮೆಂಟ್ ಪತ್ರ ಕೈಗೆ ಬಂದ ಮೇಲೆ ಇಟ್ಟುಕೊಂಡಿದ್ದೇವೆ.