ಹತ್ತು ಸಾವಿರ ಹೆಜ್ಜೆ ಆಗಲೇಬೇಕಾ?

ಪ್ರಶ್ನೆ: ನನಗೆ 52 ವರ್ಷ. ಮನೆ ಡೊಂಬಿವಲಿಯಲ್ಲಿ, ಆಫೀಸು ಮುಂಬಯಿಯ ಫೋರ್ಟ್‌ನಲ್ಲಿ. ಮಗಳು ಹೆಜ್ಜೆ ಎಣಿಸುವ ವಾಚ್ ಕೊಡಿಸಿದ್ದಾಳೆ. ದಿನಾ ನಾಲ್ಕು ಸಾವಿರದ ಹತ್ತಿರ ಬಂದು ನಿಲ್ಲುತ್ತೆ. ಹೋದ ಭಾನುವಾರ ಹಟ ಹಿಡಿದು ಹತ್ತು ಸಾವಿರ ಮುಗಿಸಿದೆ, ಆಮೇಲೆ ಎರಡು ದಿನ ಮಂಡಿ ನೋವು. ಹತ್ತು ಸಾವಿರ ಆಗದಿದ್ರೆ ನಡೆದೂ ಪ್ರಯೋಜನ ಇಲ್ವಾ? ರಿಕ್ಷಾದಲ್ಲಿ ಕೂತಾಗಲೂ ಕೆಲವೊಮ್ಮೆ ಹೆಜ್ಜೆ ಏರುತ್ತೆ. ಈ ವಾಚನ್ನು ನಂಬೋದಾ?
– ಓದುಗರು, ಡೊಂಬಿವಲಿ

ಉತ್ತರ: ಪ್ರಯೋಜನ ಖಂಡಿತ ಇದೆ. ಹತ್ತು ಸಾವಿರ ಅನ್ನೋದು ವೈದ್ಯರು ಕೂತು ಹಾಕಿದ ಲೆಕ್ಕವೇ ಅಲ್ಲ. 1964ರಲ್ಲಿ ಟೋಕಿಯೋ ಒಲಿಂಪಿಕ್ಸ್ ನಡೆಯಿತು. ಅದರ ಬೆನ್ನಿಗೇ, 1965ರಲ್ಲಿ, ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರ ಮಾರಲು ಈ ದುಂಡು ಸಂಖ್ಯೆಯನ್ನು ಹಿಡಿಯಿತು, ಅದೇ ಇವತ್ತಿಗೂ ನಮ್ಮ ವಾಚುಗಳಲ್ಲಿ ಕೂತಿದೆ. 2019ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನ ಸರಾಸರಿ 72 ವರ್ಷದ ಹೆಂಗಸರನ್ನು ಗಮನಿಸಿತ್ತು. ದಿನಕ್ಕೆ ಸುಮಾರು 2,700 ಹೆಜ್ಜೆ ಹಾಕುವವರಿಗಿಂತ 4,400 ಹಾಕುವವರಲ್ಲಿ ಸಾವಿನ ಪ್ರಮಾಣ ಸಾಕಷ್ಟು ಕಡಿಮೆ ಇತ್ತು. 7,500ರ ನಂತರ ಹೆಚ್ಚಿನ ಲಾಭ ಕಾಣಲಿಲ್ಲ. ನಿಮ್ಮ ವಯಸ್ಸು ಬೇರೆ, ಹಾಗಾಗಿ ಅದೇ ಅಂಕಿಯನ್ನು ಹಿಡಿದು ಕೂರಬೇಡಿ. ಆದರೆ ನಿಮ್ಮ ನಾಲ್ಕು ಸಾವಿರ ಸೊನ್ನೆ ಅಲ್ಲ, ಇದನ್ನು ದಯವಿಟ್ಟು ನಂಬಿ.

ಭಾನುವಾರ ಒಂದೇ ದಿನ ಎಲ್ಲಾ ನಡೆದುಬಿಡೋದು ಬೇಡ. ಮೊದಲ ವಾರ ಏನೂ ಬದಲಾಯಿಸದೆ ಸುಮ್ನೆ ದಿನದ ಅಂಕಿ ಬರೆದಿಡಿ. ಮುಂದಿನ ವಾರ ಅದಕ್ಕೆ ಐನೂರು ಸೇರಿಸಿ. ಮಂಡಿ ತಕರಾರು ಮಾಡದಿದ್ದರೆ ಇನ್ನೊಂದು ಐನೂರು. ಇದಕ್ಕೆ ಬೇರೆ ಸಮಯ ಹುಡುಕುವ ಅಗತ್ಯವೂ ಇಲ್ಲ, ಲೋಕಲ್‌ನಲ್ಲಿ ಹೋಗಿಬಂದು ಮಾಡುವವರಿಗೆ ಸಮಯ ಎಲ್ಲಿದೆ ಹೇಳಿ! ಸಿಎಸ್‌ಎಂಟಿ ರೈಲು ನಿಲ್ದಾಣದಲ್ಲಿ ಇಳಿದ ಮೇಲೆ ಬಸ್ಸಿಗೋ ಟ್ಯಾಕ್ಸಿಗೋ ಕ್ಯೂ ನಿಲ್ಲುವ ಬದಲು ಡಿ.ಎನ್. ರಸ್ತೆ ಹಿಡಿದು ಹುತಾತ್ಮ ಚೌಕದ ಕಡೆ ನಡೆಯಿರಿ. ಹೆಚ್ಚುಕಡಿಮೆ ಒಂದು ಕಿಲೋಮೀಟರು, ಅಂದರೆ ಸಾವಿರದ ಮುನ್ನೂರು ಹೆಜ್ಜೆಯ ಆಸುಪಾಸು. ಆ ಹಳೇ ಕಟ್ಟಡಗಳ ಕೆಳಗೆ ಉದ್ದಕ್ಕೂ ಕಮಾನುಗಳ ನೆರಳಿದೆ, ಜುಲೈ ಮಳೆಯಲ್ಲೂ ಹೆಚ್ಚು ನೆನೆಯದೆ ನಡೆಯಬಹುದು. ಮಳೆಗಾಲದಲ್ಲಿ ನಡೆಯಲು ಮುಂಬಯಿಯಲ್ಲಿ ಇಂಥ ಜಾಗ ಜಾಸ್ತಿ ಇಲ್ಲ, ಅದನ್ನು ಬಿಟ್ಟು ಟ್ಯಾಕ್ಸಿಯಲ್ಲಿ ಕೂರೋದು ನನಗಂತೂ ನಷ್ಟ ಅನಿಸುತ್ತದೆ. ಸಂಜೆ ವಾಪಸ್ ಬರುವಾಗಲೂ ಅದೇ ದಾರಿ. ಒಂದಿನ ತಡವಾಯ್ತು, ಟ್ಯಾಕ್ಸಿ ಹತ್ತಿದಿರಿ, ಪರವಾಗಿಲ್ಲ.

ವಾಚ್ ವಿಷಯ. ಅದು ಎಣಿಸೋದು ಕಾಲನ್ನಲ್ಲ, ಕೈಯ ಅಲುಗಾಟವನ್ನು. ಗುಂಡಿ ಬಿದ್ದ ರಸ್ತೆಯಲ್ಲಿ ರಿಕ್ಷಾ ಕುಲುಕಿದರೆ ಅದನ್ನೂ ಹೆಜ್ಜೆ ಅಂದುಕೊಳ್ಳಬಹುದು. ಎರಡೂ ಕೈಯಲ್ಲಿ ತರಕಾರಿ ಚೀಲ ಹಿಡಿದು ನಡೆದಾಗ ಕೈ ಬೀಸುವುದಿಲ್ಲ ಅಲ್ವಾ, ಆಗ ನಿಜವಾದ ಹೆಜ್ಜೆಗಳೇ ತಪ್ಪಿಹೋಗಬಹುದು. ಮನಸ್ಸಿನಲ್ಲೇ ನೂರು ಎಣಿಸುತ್ತಾ ನಡೆದು ವಾಚ್ ನೋಡಿ. ನಾಲ್ಕೈದು ಆಚೀಚೆ ಇದ್ದರೆ ಸಾಕು. ನಿಮಗೆ ಬೇಕಿರುವುದು ಹೋದ ವಾರಕ್ಕಿಂತ ಈ ವಾರ ಜಾಸ್ತಿಯಾಯ್ತಾ ಅನ್ನೋದು ಮಾತ್ರ. ಹಾಂ, ಮಂಡಿ ಊದಿಕೊಂಡರೆ, ನಡೆಯುವಾಗ ಎದೆ ಹಿಡಿದಂತಾದರೆ ನಿಲ್ಲಿಸಿ, ಡಾಕ್ಟರಿಗೆ ತೋರಿಸಿ.

ಪ್ರಶ್ನೆ: ನಾನು ಮನೆಯಲ್ಲೇ ಇರುವವಳು. ಫೋನು ಇಡೀ ದಿನ ಅಡುಗೆ ಕಟ್ಟೆ ಮೇಲೇ ಇರುತ್ತೆ, ಹಾಗಾಗಿ ನಾನು ನಡೆದಿದ್ದು ಲೆಕ್ಕಕ್ಕೇ ಬರಲ್ಲ. ವಾಚ್ ಕೊಳ್ಳಲೇಬೇಕಾ?
– ಓದುಗರು, ಮುಲುಂಡ್

ಉತ್ತರ: ಬೇಡ. ಗೋಡೆ ಗಡಿಯಾರ ಸಾಕು. ಸ್ವಲ್ಪ ಬಿರುಸಾಗಿ ನಡೆದರೆ ನಿಮಿಷಕ್ಕೆ ಸುಮಾರು ನೂರು ಹೆಜ್ಜೆ ಆಗುತ್ತದೆ, ಹತ್ತು ನಿಮಿಷಕ್ಕೆ ಸಾವಿರ. ಬಿರುಸು ಅಂದರೆ ಮಾತಾಡಲು ಆಗಬೇಕು, ಹಾಡಲು ಆಗಬಾರದು. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷ. ಅಂದರೆ ಐದು ದಿನ ಅರ್ಧ ಅರ್ಧ ಗಂಟೆ. ಅದನ್ನೂ ಒಟ್ಟಿಗೇ ಮಾಡಬೇಕಿಲ್ಲ. ಬೆಳಗ್ಗೆ ಡಬ್ಬಿ ಕಟ್ಟಿ ಕಳಿಸಿದ ಮೇಲೆ ಸೊಸೈಟಿಯ ಕಾಂಪೌಂಡಿನಲ್ಲೇ ಹದಿನೈದು ನಿಮಿಷ, ಸಂಜೆ ಉಳಿದ ಹದಿನೈದು. ಫೋನು ಅಡುಗೆ ಕಟ್ಟೆ ಮೇಲೇ ಇರಲಿ.