ಕಾಸರಗೋಡಿನ ಕನ್ನಡ ಶಾಲೆಯಲ್ಲಿ ಓದುವ ಮಗಳಿಗೆ ಭಾಗಾಕಾರ, ಭಿನ್ನರಾಶಿಯ ವಾಕ್ಯರೂಪದ ಲೆಕ್ಕ ಅಭ್ಯಾಸ ಮಾಡಿಸುವುದು ಹೇಗೆ?

ಪೆನ್ಸಿಲ್ ಹಿಡಿಯುವ ಮೊದಲು ಕೇಳಿ: ಇಲ್ಲಿ ಹಂಚುತ್ತಿದ್ದೇವೆಯೋ, ಅಳೆಯುತ್ತಿದ್ದೇವೆಯೋ? 6 ಕಿಲೋ ಅಡಿಕೆಯನ್ನು ಮುಕ್ಕಾಲು ಕಿಲೋದಂತೆ ಕಟ್ಟಿದರೆ ಎಷ್ಟು ಪೊಟ್ಟಣ? 6 ಕಿಲೋದಲ್ಲಿ 24 ಕಾಲುಕಿಲೋ, ಮೂರು ಮೂರು ಸೇರಿಸಿದರೆ 8. ಅದೇ ಮುಕ್ಕಾಲು ಕಿಲೋ ಬೆಲ್ಲವನ್ನು 6 ಮನೆಗೆ ಹಂಚಿದರೆ ತಲಾ 1/8 ಕಿಲೋ, ಅಂದರೆ 125 ಗ್ರಾಂ. ಅಂಕಿ ಅವೇ, ಲೆಕ್ಕ ಬೇರೆ. ಭಾಗಿಸುವ ಸಂಖ್ಯೆಯನ್ನು ತಲೆಕೆಳಗು ಮಾಡಿ ಗುಣಿಸುವ ‘ತಿರುಗಿಸಿ ಗುಣಿಸು’ ಸೂತ್ರ ಆಮೇಲೆ ಬರಲಿ, ಮೊದಲೇ ಬಾಯಿಪಾಠ ಮಾಡಿಸಿದರೆ ಯಾವುದನ್ನು ತಿರುಗಿಸುವುದು ಎಂದೇ ಮಕ್ಕಳು ಗಲಿಬಿಲಿಯಾಗುತ್ತಾರೆ (ದೊಡ್ಡವರೂ!).

ಶೇಷಕ್ಕೂ ಹೀಗೆಯೇ. ಬೇಕಲ ಕೋಟೆಗೆ 47 ಮಕ್ಕಳು, ಜೀಪಿಗೆ 9 ಜನ ಎಂದರೆ 6 ಜೀಪು ಬೇಕು. 47 ಮೀಟರ್ ಹಗ್ಗದಲ್ಲಿ 9 ಮೀಟರಿನ ಪೂರ್ತಿ ತುಂಡು 5 ಮಾತ್ರ. ಒಂದೇ ಭಾಗಾಕಾರಕ್ಕೆ ಇಂಥ ಎರಡು ಲೆಕ್ಕಗಳನ್ನು ಅವಳೇ ಕಟ್ಟಲಿ, ನೀವು ಬಿಡಿಸಿ.